ಸಹಾಯ ಬೇಕು: ತೂಕ ಇಳಿಯಿತು, ಚರ್ಮ ಉಳಿಯಿತು

ಎಲ್ಲರಿಗೂ ನಮಸ್ಕಾರ. ನಾನು ಶಿರಾ ಕಡೆಯವಳು, ಈಗ ತುಮಕೂರಿನಲ್ಲಿದ್ದೇನೆ, ವಯಸ್ಸು 38. ಎರಡೂವರೆ ವರ್ಷದಲ್ಲಿ 118 ಕೆಜಿಯಿಂದ 67ಕ್ಕೆ ಇಳಿದೆ. ಎಂಟು ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಆದರೆ ಹೊಟ್ಟೆಯ ಚರ್ಮ ಖಾಲಿ ಗೋಣಿಚೀಲದಂತೆ ಜೋತುಬಿದ್ದಿದೆ. ಬೇಸಿಗೆಯಲ್ಲಿ ಮಡಿಕೆಗಳ ನಡುವೆ ಬೆವರು ನಿಂತು ಹುಣ್ಣಾಗುತ್ತದೆ. ಪೌಡರ್, ಮುಲಾಮು, ಹತ್ತಿಬಟ್ಟೆ ಎಲ್ಲ ಆಯಿತು. "ಸಣ್ಣಗಾದೆಯಲ್ಲ, ಇನ್ನೇನು ಬೇಕು?" ಎನ್ನುತ್ತಾರೆ ಅತ್ತೆ. ಸೀರೆಯೊಳಗಿನ ಪಾಡು ಅವರಿಗೆ ಕಾಣುವುದಿಲ್ಲ.

ಬೆಂಗಳೂರಿನ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬಾಡಿ ಲಿಫ್ಟ್ ಹೇಳಿದ್ದಾರೆ. ಸೊಂಟದ ಸುತ್ತ ಡಾಬಿನಂತೆ ಕೊಯ್ದು ಹೆಚ್ಚುವರಿ ಚರ್ಮ ತೆಗೆಯುತ್ತಾರೆ. ಕಲೆ ಜೀವನವಿಡೀ ಉಳಿಯುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಚರ್ಮದಡಿ ನೀರು ತುಂಬುವುದು, ಇವುಗಳದ್ದೇ ಭಯ. ಹಿಮೋಗ್ಲೋಬಿನ್ 9.4 ಇದೆ, ಮೊದಲು ಅದನ್ನು ಏರಿಸಿಕೊಂಡು ಬನ್ನಿ ಎಂದಿದ್ದಾರೆ.

ಮಾಡಿಸಿಕೊಂಡವರು ದಯವಿಟ್ಟು ಹೇಳಿ: ನೀರು ಬಸಿಯುವ ನಳಿಕೆ ಎಷ್ಟು ದಿನ ಇತ್ತು? ಬಗ್ಗಿ ಕಸ ಗುಡಿಸಲು, ಬಿಂದಿಗೆ ಎತ್ತಲು ಎಷ್ಟು ವಾರ ಬೇಕಾಯಿತು? ವಿಮೆಯವರು ಇದು ಸೌಂದರ್ಯಕ್ಕೆ ಎಂದು ಅರ್ಜಿ ತಳ್ಳಿಹಾಕಿದರು. ಹುಣ್ಣಿನ ಚಿಕಿತ್ಸೆಯ ದಾಖಲೆ ತೋರಿಸಿ ಹಣ ಪಡೆದವರು ಯಾರಾದರೂ ಇದ್ದೀರಾ? ವಿಕ್ಟೋರಿಯಾ ಆಸ್ಪತ್ರೆಯಂಥ ಸರ್ಕಾರಿ ಕಡೆ ಮಾಡಿಸಿದವರ ಅನುಭವವೂ ಬೇಕು. ಫೋಟೊ ಮಾತ್ರ ಕೇಳಬೇಡಿ.