ಬರೇಸಿ ಅಂದ್ರೆ ಆ ಮಿಸ್ ಆದ ಪೆನಾಲ್ಟಿ ಮಾತ್ರಾನಾ?

ಹೊಸ ಫುಲ್‌ಬ್ಯಾಕ್:
ಇಟಲಿಯ ಫುಟ್‌ಬಾಲ್ ಡಿಫೆಂಡರ್ ಫ್ರಾಂಕೊ ಬರೇಸಿ ಹೆಸರು ಹುಡುಕಿದರೆ ನನಗೆ ಮೊದಲು ಸಿಗುವುದು ಇಟಲಿ ಬ್ರೆಜಿಲ್‌ಗೆ ಸೋತ 1994ರ ವಿಶ್ವಕಪ್ ಫೈನಲ್ ತುಣುಕು. ಚೆಂಡು ಬಾರ್ ಮೇಲಿಂದ ಹಾರಿಹೋಗುತ್ತದೆ, ಇವರು ಅಲ್ಲೇ ಕುಸಿದು ಕೂರುತ್ತಾರೆ. ಎತ್ತರ ನೋಡಿದರೆ 176 ಸೆಂ.ಮೀ., ಗೋಲಿನ ಮುಂದೆ ಮಧ್ಯದಲ್ಲಿ ಕಾಯುವ ಸೆಂಟರ್ ಬ್ಯಾಕ್‌ಗೆ ಕಡಿಮೆಯೇ ಅಲ್ವಾ? ಆದರೂ ಎಸಿ ಮಿಲಾನ್ ಇವರ 6ನೇ ನಂಬರ್ ಜೆರ್ಸಿಯನ್ನು ಆಮೇಲೆ ಯಾರಿಗೂ ಕೊಟ್ಟಿಲ್ಲ. ಅದೇ ತಂಡದ ಇನ್ನೊಬ್ಬ ಡಿಫೆಂಡರ್ ಮಾಲ್ಡೀನಿ ಯಾಕೆ ದೊಡ್ಡವರು ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಇವರಲ್ಲಿ ಏನಿತ್ತು ಅಂತ ಯಾರಾದರೂ ಹೇಳುತ್ತೀರಾ?

ಹಳೇ ಸ್ಟಾಪರ್:
ನಾನೂ ವರ್ಷಗಟ್ಟಲೆ ಸ್ಟಾಪರ್, ಅಂದರೆ ಸೆಂಟರ್ ಬ್ಯಾಕ್, ಆಡಿದವನು. ನಾನೂ ಕುಳ್ಳ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಎತ್ತರದ ಮಾತು ಅವರಿಗೆ ಹುಡುಗನಾಗಿದ್ದಾಗಲೇ ಅಂಟಿಕೊಂಡಿತ್ತು. ಬ್ರೆಶಾ ಹತ್ತಿರದ ತ್ರವಾಲ್ಯಾತೊ ಊರಿನವರು, ಹುಟ್ಟಿದ್ದು 1960ರಲ್ಲಿ. ಅಣ್ಣ ಜುಸೆಪ್ಪೆಯನ್ನು ಮಿಲಾನ್ ನಗರದ ಇಂಟರ್ ಕ್ಲಬ್ ತೆಗೆದುಕೊಂಡಿತು, ತಮ್ಮ ತೀರಾ ಸಣ್ಣವನು ಅಂತ ವಾಪಸ್ ಕಳಿಸಿತು. ಅದೇ ನಗರದ ಇನ್ನೊಂದು ಕ್ಲಬ್ ಎಸಿ ಮಿಲಾನ್ ಅವರನ್ನು ಸೇರಿಸಿಕೊಂಡಿತು. ಅಲ್ಲೂ ಅಡ್ಡಹೆಸರು 'ಪಿಶಿನಿನ್', ಅಲ್ಲಿನ ಆಡುಮಾತಲ್ಲಿ ಪುಟ್ಟಣ್ಣ ಅಂದ ಹಾಗೆ. 1978ರ ಏಪ್ರಿಲ್‌ನಲ್ಲಿ ವೆರೋನಾ ವಿರುದ್ಧ ಇಟಲಿಯ ಮೊದಲ ದರ್ಜೆ ಲೀಗ್ ಸೀರಿ ಎ ಗೆ ಇಳಿದಾಗ ವಯಸ್ಸು 17. ಮರುವರ್ಷವೇ ಲೀಗ್ ಗೆದ್ದರು.

ಆಮೇಲಿನದ್ದು ಬರೀ ಇಳಿಜಾರು. ಬೆಟ್ಟಿಂಗ್ ಹಗರಣದಲ್ಲಿ 1980ರಲ್ಲಿ ಮಿಲಾನನ್ನು ಎರಡನೇ ದರ್ಜೆಯಾದ ಸೀರಿ ಬಿ ಗೆ ತಳ್ಳಿದರು. ಮೇಲೆ ಬಂದರು. 1982ರಲ್ಲಿ ಮತ್ತೆ ಬಿದ್ದರು, ಈ ಸಲ ಆಟದಲ್ಲೇ ಸೋತು. ಅದೇ ಬೇಸಿಗೆಯಲ್ಲಿ ಬರೇಸಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿದ್ದರು, ಒಂದು ನಿಮಿಷವೂ ಆಡದೆ! ಪದಕ ಜೇಬಲ್ಲಿ, ಕ್ಲಬ್ ಸೀರಿ ಬಿ ನಲ್ಲಿ. ಬೇರೆ ಯಾರಾದರೂ ಗಂಟುಮೂಟೆ ಕಟ್ಟುತ್ತಿದ್ದರು. ಇವರು ಅಲ್ಲೇ ಉಳಿದರು, 22ಕ್ಕೇ ಕ್ಯಾಪ್ಟನ್ ಆದರು. ನನಗೆ ಆ 6ನೇ ನಂಬರ್ ಅರ್ಥವಾಗುವುದು ಇಲ್ಲಿಂದ, ಕಪ್‌ಗಳಿಂದ ಅಲ್ಲ.

ಇನ್ನು ಆಟ. ಹಳೇ ಲಿಬೆರೊ ಎಲ್ಲರ ಹಿಂದೆ ನಿಂತು ಬಿದ್ದ ಚೆಂಡು ಗುಡಿಸುತ್ತಿದ್ದ. 1987ರಲ್ಲಿ ಕೋಚ್ ಅರ್ರಿಗೊ ಸಾಕ್ಕಿ ಬಂದರು. ಹಿಂದೆ ನಿಲ್ಲುವವನೇ ಬೇಡ, ನಾಲ್ವರೂ ಒಂದೇ ಗೆರೆಯಲ್ಲಿ ನಿಂತು ಮುಂದಕ್ಕೆ ನುಗ್ಗಿ, ಎದುರಾಳಿ ನಿಮ್ಮ ಹಿಂದೆ ಉಳಿದು ಆಫ್‌ಸೈಡ್ ಆಗಲಿ ಅಂದರು. ತಸೋತಿ, ಕೊಸ್ತಾಕುರ್ತಾ, ಬರೇಸಿ, ಮಾಲ್ಡೀನಿ. ಯಾವ ಕ್ಷಣದಲ್ಲಿ ಮುಂದೆ ಹೋಗಬೇಕು ಅಂತ ಯಾರಾದರೂ ಒಬ್ಬರು ಹೇಳಬೇಕಲ್ಲ? ಅದು ಬರೇಸಿ ಕೆಲಸ. ಅರ್ಧ ಸೆಕೆಂಡ್ ತಡವಾದರೆ ಎದುರಾಳಿ ಒಬ್ಬನೇ ಗೋಲ್‌ಕೀಪರ್ ಮುಂದೆ ಇರುತ್ತಾನೆ. ನಾನು ಇದನ್ನು ಮಾಡಲು ಹೋಗಿ ಎಷ್ಟು ಸಲ ಮರ್ಯಾದೆ ಕಳೆದುಕೊಂಡಿದ್ದೇನೆ ಅಂತ ಕೇಳಬೇಡಿ. ಸಾಕ್ಕಿ ಹೇಳಿಕೊಂಡ ಒಂದು ಕಥೆ ಇದೆ. ತರಬೇತಿಯಲ್ಲಿ ತಂಡದ ಸ್ಟಾರ್ ದಾಳಿಕೋರರಾದ ಹುಲಿತ್, ವಾನ್ ಬಾಸ್ಟೆನ್ ಸೇರಿ ಹತ್ತು ಜನರನ್ನು ದಾಳಿಗೆ ಬಿಟ್ಟರಂತೆ. ಎದುರಿಗೆ ಈ ನಾಲ್ವರು ಮತ್ತು ಗೋಲ್‌ಕೀಪರ್ ಮಾತ್ರ. ಒಂದೂ ಗೋಲು ಆಗಲಿಲ್ಲವಂತೆ.

ಕೆಂಪು ಕಪ್ಪು ಪಟ್ಟೆ:
1994ರ ಚಾಂಪಿಯನ್ಸ್ ಲೀಗ್ ಫೈನಲ್ ನೋಡಲಿ ಸಾಕು. ಬಾರ್ಸಿಲೋನಾ ವಿರುದ್ಧ 4-0. ಅವರ ಬ್ರೆಜಿಲ್ ಸ್ಟ್ರೈಕರ್ ರೊಮಾರಿಯೊನನ್ನು ಬರೇಸಿ ಜೇಬಲ್ಲಿ ಹಾಕಿಕೊಂಡಿದ್ದರು.

ಹಳೇ ಸ್ಟಾಪರ್:
ಸುಮ್ನೆ ಏನೇನೋ ಹೇಳಬೇಡಿ ಮಾರಾಯ್ರೆ. ಆ ಪಂದ್ಯದಲ್ಲಿ ಬರೇಸಿ ಆಡಲೇ ಇಲ್ಲ. ಅವರೂ ಕೊಸ್ತಾಕುರ್ತಾ ಇಬ್ಬರೂ ನಿಷೇಧದಲ್ಲಿದ್ದರು. ರೊಮಾರಿಯೊಗೆ ಅವರು ಎದುರಾಗಿದ್ದು ಎರಡು ತಿಂಗಳ ನಂತರ, ಪ್ರಶ್ನೆ ಕೇಳಿದವರು ಹೇಳುತ್ತಿರುವ ಅದೇ ಫೈನಲ್‌ನಲ್ಲಿ.

ಅದರ ಕಥೆ ಪೂರ್ತಿ ಹೇಳುತ್ತೇನೆ. ಜೂನ್ 23ರಂದು ನಾರ್ವೆ ವಿರುದ್ಧ ಬರೇಸಿ ಮಂಡಿಯ ಮೆನಿಸ್ಕಸ್ (ಒಳಗಿನ ಮೆತ್ತನೆಯ ಪದರ) ಹರಿಯಿತು. ಆಪರೇಷನ್ ಆಯಿತು. ವಯಸ್ಸು 34. ವಿಶ್ವಕಪ್ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡೆವು. ಜುಲೈ 17ಕ್ಕೆ, ಅಂದರೆ 24 ದಿನಕ್ಕೆ, ಪಸಾಡೆನಾದ ಉರಿಬಿಸಿಲಲ್ಲಿ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಬಂದರು. ಪಕ್ಕದಲ್ಲಿ ಕೊಸ್ತಾಕುರ್ತಾನೂ ಇಲ್ಲ, ತಸೋತಿಯೂ ಇಲ್ಲ, ಇಬ್ಬರಿಗೂ ನಿಷೇಧ. ಮಾಲ್ಡೀನಿ ಎಡಗಡೆಯಿಂದ ಮಧ್ಯಕ್ಕೆ ಬಂದಿದ್ದರು. 120 ನಿಮಿಷ ಆಡಿದರು. ರೊಮಾರಿಯೊ, ಬೆಬೆತೊ ಇಬ್ಬರಿಗೂ ಗೋಲಿಲ್ಲ, 0-0. ಕೊನೆಕೊನೆಗೆ ಕಾಲು ಸೆಟೆದುಕೊಂಡಿತ್ತು. ಆ ಕಾಲಲ್ಲೇ ಮೊದಲ ಪೆನಾಲ್ಟಿ ಹೊಡೆಯಲು ಹೋದರು. ಮುಂದಿನದು ನಿಮಗೆ ಗೊತ್ತು. ನಿದ್ದೆಗೆಟ್ಟು ನೋಡುತ್ತಿದ್ದ ನಾನು, ಇವರನ್ನು ಯಾಕೆ ಕಳಿಸಿದರೋ ಅಂತ ಟಿವಿಗೆ ಬೈದಿದ್ದೆ. ಅಂದಹಾಗೆ ಮಸಾರೊ ಕೂಡ ಮಿಸ್ ಮಾಡಿದರು, ಅದನ್ನು ಯಾರೂ ನೆನಪಿಡುವುದಿಲ್ಲ. ಕೊನೆಯದನ್ನು ರೊಬೆರ್ತೊ ಬಾಜೊ ಹೊರಗೆ ಹೊಡೆದರು.

ಕೆಂಪು ಕಪ್ಪು ಪಟ್ಟೆ:
ತಪ್ಪಾಯ್ತು, ಎರಡು ಫೈನಲ್ ಕಲಸಿಬಿಟ್ಟೆ. ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬಾಲನ್ ಡಿ ಓರ್ ಪ್ರಶಸ್ತಿಯಲ್ಲಿ, 1989ರಲ್ಲಿ, ಎರಡನೇ ಸ್ಥಾನ ಬಂದಿದ್ದು ಇವರಿಗೇ ತಾನೆ?

ಹಳೇ ಸ್ಟಾಪರ್:
ಹೌದು, ವಾನ್ ಬಾಸ್ಟೆನ್ ಮೊದಲು, ಇವರು ಎರಡನೇ.

ಹೊಸ ಫುಲ್‌ಬ್ಯಾಕ್:
ನಿನ್ನೆ ಆ ಫೈನಲ್ ಪೂರ್ತಿ ನೋಡಿದೆ. ನಿಜ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ಏನೂ ಕಾಣಲಿಲ್ಲ, ಚೆಂಡಿನ ಹಿಂದೆಯೇ ಕಣ್ಣು ಹೋಗುತ್ತಿತ್ತು. ಆಮೇಲೆ ಚೆಂಡು ಬಿಟ್ಟು ಇವರನ್ನೇ ನೋಡಿದೆ. ಪಾಸ್ ಹೊರಡುವ ಮೊದಲೇ ಇವರು ಹೊರಟಿರುತ್ತಾರೆ! ಓಟದಲ್ಲಿ ಜಾಸ್ತಿ ಜೋರಿಲ್ಲ ಅನ್ನಿಸಿತು, ಆದರೂ ಮೊದಲು ತಲುಪುತ್ತಾರೆ. ಮುಂದೆ ಯಾವ ಪಂದ್ಯ ನೋಡಲಿ?

ಹಳೇ ಸ್ಟಾಪರ್:
1989ರ ಏಪ್ರಿಲ್, ಯುರೋಪಿಯನ್ ಕಪ್ ಸೆಮಿಫೈನಲ್, ಸಾನ್ ಸಿರೊದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 5-0. ಐದು ಗೋಲನ್ನು ಆಮೇಲೆ ನೋಡಿಕೊಳ್ಳಿ. ಮೊದಲು ಆಫ್‌ಸೈಡ್ ಕೇಳುತ್ತಾ ಬರೇಸಿ ಕೈ ಎಷ್ಟು ಸಲ ಮೇಲೇಳುತ್ತದೆ ಅಂತ ಎಣಿಸಿ ಇಲ್ಲಿ ಬರೆಯಿರಿ. ನಾನು ಪ್ರತಿ ಸಲವೂ ಲೆಕ್ಕ ತಪ್ಪಿದ್ದೇನೆ.