ಬಾಲ್ಯದ ಕೈಕೆಲಸದಿಂದ ಕುಂಬಾರಿಕೆಗೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಚಿಕ್ಕಂದಿನಲ್ಲಿ ಚಿತ್ರ ಬಿಡಿಸಲು, ರಟ್ಟು ಕತ್ತರಿಸಿ ಮನೆ ಕಟ್ಟಲು ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಓದು, ನೌಕರಿಗಳ ನಡುವೆ ಅದೆಲ್ಲ ನಿಂತುಹೋಗಿ ಇಪ್ಪತ್ತು ವರ್ಷಗಳಾದವು. ಈಗ ಮಣ್ಣಿನ ಕೆಲಸ ಕಲಿಯಬೇಕೆಂಬ ಆಸೆ ಬಲವಾಗಿದೆ. ನೇರವಾಗಿ ಚಕ್ರದ ಮುಂದೆ ಕೂರಬಹುದೇ? ಹಳೆಯ ಅಭ್ಯಾಸ ಉಪಯೋಗಕ್ಕೆ ಬರುತ್ತದೆಯೇ?

ಮೊದಲ ಉತ್ತರ: ಖಂಡಿತ ಬರುತ್ತದೆ. ನಾನೂ ಸದಾ ಚಿತ್ರ ಬಿಡಿಸುತ್ತಿದ್ದ ಮಗುವಾಗಿದ್ದೆ. ಆ ಅಭ್ಯಾಸದಿಂದ ಮಡಕೆಯ ಮೇಲಿನ ಅಲಂಕಾರ ಸುಲಭವಾದೀತೆಂದು ನಂಬಿ ಈ ಕೆಲಸಕ್ಕೆ ಬಂದೆ. ಆದರೆ ನಿಜವಾಗಿ ನೆರವಾದದ್ದು ಚಿತ್ರಕಲೆಯಲ್ಲ, ರಟ್ಟನ್ನು ಎಲ್ಲಿ ಮಡಿಸಿದರೆ ನಿಲ್ಲುತ್ತದೆ, ಎಲ್ಲಿ ಮಡಿಸಿದರೆ ಕುಸಿಯುತ್ತದೆ ಎಂದು ಬೆರಳುಗಳು ಬಾಲ್ಯದಲ್ಲೇ ಕಲಿತಿದ್ದ ತಿಳಿವಳಿಕೆ. ಆದ್ದರಿಂದ ಚಕ್ರಕ್ಕೆ ಮೊದಲು ಬರಿಗೈಯಲ್ಲೇ ಮಾಡಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಮಣ್ಣನ್ನು ಚೆನ್ನಾಗಿ ನಾದಿ ಉಂಡೆ ಕಟ್ಟಿ, ನಡುವೆ ಹೆಬ್ಬೆರಳು ಇಳಿಸಿ, ತಿರುಗಿಸುತ್ತಾ ಒತ್ತಿ ಬಟ್ಟಲು ಮಾಡಿದರೆ, ಅಂಚು ಎಲ್ಲಿ ತೆಳುವಾಯಿತು, ತಳ ಎಲ್ಲಿ ದಪ್ಪ ಉಳಿಯಿತು ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತದೆ.

ನನ್ನನ್ನು ಬಹಳ ದಿನ ಕಾಡಿದ್ದು ಲೋಟದ ಹಿಡಿ. ಅರ್ಧ ಒಣಗಿದ ಲೋಟಕ್ಕೆ ಆಗತಾನೇ ಎಳೆದ ಹಸಿ ಹಿಡಿಯನ್ನು ಅಂಟಿಸಿ ಸಂತೋಷದಿಂದ ಮಲಗಿದರೆ, ಬೆಳಿಗ್ಗೆ ಬೆಸುಗೆಯ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸುತ್ತಿತ್ತು. ಮಣ್ಣು ಒಣಗುವಾಗ ಕುಗ್ಗುತ್ತದೆ. ಲೋಟ ಆಗಲೇ ಒಂದಿಷ್ಟು ಕುಗ್ಗಿರುತ್ತದೆ, ಹಿಡಿ ಇನ್ನೂ ಕುಗ್ಗಬೇಕಾಗಿರುತ್ತದೆ, ಆ ಎಳೆದಾಟಕ್ಕೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎರಡನ್ನೂ ಒಂದೇ ಹದಕ್ಕೆ ತಂದು, ಕೂಡುವ ಜಾಗಗಳಲ್ಲಿ ಗೀರು ಹಾಕಿ, ನೀರಿನಲ್ಲಿ ಕಲಸಿದ ಅದೇ ಮಣ್ಣಿನ ಲೇಪ ಹಚ್ಚಿ ಒತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ನಿಧಾನವಾಗಿ ಒಣಗಲು ಬಿಟ್ಟ ಮೇಲೆ ಆ ತೊಂದರೆ ಬಹುಮಟ್ಟಿಗೆ ನಿಂತಿತು.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ. ಚಕ್ರಕ್ಕೆ ಬಂದಾಗ ಮೊದಲ ಕೆಲವು ವಾರ ಉಂಡೆಯನ್ನು ನಟ್ಟನಡುವೆ ನಿಲ್ಲಿಸುವುದಷ್ಟೇ ನಿಮ್ಮ ಗುರಿಯಾಗಿರಲಿ. ತೋಳಿನ ಬಲದಿಂದ ಅದು ಆಗದು. ಮೊಣಕೈಯನ್ನು ತೊಡೆಗೆ ಊರಿ ಕೈಯನ್ನು ಅಲುಗದಂತೆ ಹಿಡಿದರೆ ಮಣ್ಣೇ ಕೈಗೆ ಹೊಂದಿಕೊಳ್ಳುತ್ತದೆ. ಆರಂಭದ ಪಾತ್ರೆಗಳನ್ನು ಉಳಿಸಿಕೊಳ್ಳಬೇಡಿ. ನನಗೆ ಕಲಿಸಿದವರು ಪ್ರತಿಯೊಂದನ್ನೂ ತಂತಿಯಿಂದ ನಡುವೆ ಸೀಳಿಸುತ್ತಿದ್ದರು. ಮೊದಲ ದಿನ ನನಗೆ ಅಳು ಬಂದಿತ್ತು, ಆದರೆ ಗೋಡೆಯ ದಪ್ಪ ಬುಡದಿಂದ ಅಂಚಿನವರೆಗೆ ಹೇಗೆ ಬದಲಾಗಿದೆ ಎಂಬುದು ಆ ಸೀಳಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಿಲ್ಲ. ಸುಡದ ಮಣ್ಣು ವ್ಯರ್ಥವಾಗುವುದಿಲ್ಲ. ಪೂರ್ತಿ ಒಣಗಿಸಿ ನೀರಿಗೆ ಹಾಕಿದರೆ ತಾನಾಗಿಯೇ ಕರಗುತ್ತದೆ. ಅರೆಹಸಿಯಾಗಿರುವಾಗ ನೆನೆಹಾಕಿದರೆ ಗಂಟುಗಂಟಾಗಿ ಉಳಿಯುತ್ತದೆ.

ಸುಡುವಾಗಲೂ ಆತುರ ಬೇಡ. ಒಳಗೆ ಹಸಿ ಉಳಿದಿದ್ದರೆ 100 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ನೀರು ಆವಿಯಾಗಿ ಪಾತ್ರೆಯನ್ನು ಸಿಡಿಸಬಹುದು. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನಲ್ಲಿರುವ ಸ್ಫಟಿಕಶಿಲೆಯ ಕಣಗಳು ಥಟ್ಟನೆ ಹಿಗ್ಗುತ್ತವೆ, ತಣಿಯುವಾಗ ಅಷ್ಟೇ ಬೇಗ ಕುಗ್ಗುತ್ತವೆ. ಆ ಹಂತವನ್ನು ಏರುವಾಗಲೂ ಇಳಿಯುವಾಗಲೂ ನಿಧಾನವಾಗಿ ದಾಟಿಸಬೇಕು.

ಮೂರನೆಯ ಉತ್ತರ: ಯಾರೂ ಹೇಳದ ಒಂದು ವಿಷಯವನ್ನು ಸೇರಿಸುತ್ತೇನೆ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಎಂಬ ಖನಿಜ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಅದು ಶ್ವಾಸಕೋಶವನ್ನು ಕೆಡಿಸುತ್ತದೆ. ಕೆಲಸದ ಜಾಗವನ್ನು ಪೊರಕೆಯಿಂದ ಗುಡಿಸಬೇಡಿ. ಮೊದಲ ದಿನದಿಂದಲೇ ಒದ್ದೆ ಬಟ್ಟೆಯಿಂದ ಒರೆಸಿ.