ಪಾಯಿಂಟ್ ಇಲ್ಲದ ಡಿಫೆನ್ಸ್‌ಮ್ಯಾನ್ ಹಿಂದೆ ಸ್ಕೌಟ್‌ಗಳು ಯಾಕೆ ಬೀಳುತ್ತಾರೆ?

ಹಾಸನದವ:
ನಮಸ್ಕಾರ. ಒಂಟಾರಿಯೊದಲ್ಲಿದ್ದೇನೆ. ಕ್ರಿಕೆಟ್ ನೋಡಿಕೊಂಡು ಬೆಳೆದವನು, ಮಗನ ದೆಸೆಯಿಂದ ಈಗ ಐಸ್ ಹಾಕಿ ಹುಚ್ಚು ಹತ್ತಿದೆ. ನಮ್ಮೂರಿನ ಓಎಚ್‌ಎಲ್ (ಒಂಟಾರಿಯೊದ ಜೂನಿಯರ್ ಲೀಗ್) ತಂಡದಲ್ಲಿ ಹದಿನೇಳರ ಹುಡುಗ ಒಬ್ಬ ಡಿಫೆನ್ಸ್ ಆಡುತ್ತಾನೆ, ಈ ಸಲ ಎನ್‌ಎಚ್‌ಎಲ್ ಡ್ರಾಫ್ಟ್‌ಗೆ (ದೊಡ್ಡ ಲೀಗಿನ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವುದು) ಬರುತ್ತಾನೆ. ಗೋಲು ಅಪರೂಪ, ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಕೂಡ ಅಷ್ಟಕ್ಕಷ್ಟೆ, ಇವೆರಡೂ ಸೇರಿಯೇ ಪಾಯಿಂಟ್. ಎದುರಾಳಿ ಪೆನಾಲ್ಟಿಯಿಂದ ಒಬ್ಬ ಕಮ್ಮಿ ಇರುವಾಗಿನ ಪವರ್ ಪ್ಲೇಗೆ ಅವನನ್ನು ಇಳಿಸುವುದೇ ಇಲ್ಲ. ಆದರೂ ಮಗನ ಸ್ನೇಹಿತರೆಲ್ಲ ಮೊದಲ ಎರಡು ರೌಂಡಲ್ಲೇ ಹೋಗುತ್ತಾನೆ ಅಂತ ಪಟ್ಟು ಹಿಡಿದಿದ್ದಾರೆ. ಇಂಥವನಲ್ಲಿ ಸ್ಕೌಟ್‌ಗಳು (ತಂಡಗಳಿಗಾಗಿ ಆಟಗಾರರನ್ನು ಹುಡುಕುವವರು) ಏನು ನೋಡುತ್ತಾರೆ? ನನ್ನ ಕಣ್ಣಿಗಂತೂ ಏನೂ ಬೀಳುತ್ತಿಲ್ಲ.

ಬ್ಲೂಲೈನ್ ಭಟ್ಟ:
ಡಿಫೆನ್ಸ್‌ನವನು ಕಣ್ಣಿಗೆ ಬೀಳದೇ ಇರೋದು ಎಷ್ಟೋ ಸಲ ಒಳ್ಳೆಯದೇ. ಮುಂದಿನ ಮ್ಯಾಚಲ್ಲಿ ಪಕ್ (ಆಡುವ ರಬ್ಬರ್ ಬಿಲ್ಲೆ) ನೋಡೋದು ಬಿಡಿ, ಅವನನ್ನೇ ನೋಡಿ. ಎದುರಾಳಿಗಳು ಪಕ್ಕನ್ನು ಇವರ ಗೋಲಿನ ಹಿಂದಿನ ಮೂಲೆಗೆ ಎಸೆಯುತ್ತಾರಲ್ಲ, ಆಗ ಇವನು ತಿರುಗಿ ಅದರ ಹಿಂದೆ ಓಡಬೇಕು, ಬೆನ್ನಿಗೇ ಒಬ್ಬ ಫಾರ್ವರ್ಡ್ ಅಟ್ಟಿಸಿಕೊಂಡು ಬರುತ್ತಿರುತ್ತಾನೆ. ಪಕ್ ಮುಟ್ಟುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುತ್ತಾನಾ? ಒಂದಲ್ಲ, ಎರಡು ಸಲ? ನೋಡಿದವನಿಗೆ ಯಾರು ಎಲ್ಲಿದ್ದಾರೆ ಅಂತ ಮೊದಲೇ ಗೊತ್ತಿರುತ್ತೆ, ಒಂದೇ ಪಾಸಲ್ಲಿ ಆಚೆ ಸಾಗಿಸುತ್ತಾನೆ. ನೋಡದವನು ಬೋರ್ಡಿಗೆ ಜಜ್ಜಿಸಿಕೊಳ್ಳುತ್ತಾನೆ, ಇಲ್ಲಾ ಗಾಬರಿಯಲ್ಲಿ ಗ್ಲಾಸಿಗೆ ಬಡಿದು ಕೈ ತೊಳೆದುಕೊಳ್ಳುತ್ತಾನೆ.

ಇನ್ನೊಂದು ಗ್ಯಾಪ್. ಎದುರಾಳಿ ಪಕ್ ತಗೊಂಡು ನುಗ್ಗುವಾಗ ಇವನು ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಎಷ್ಟು ದೂರ ಬಿಟ್ಟಿದ್ದಾನೆ ನೋಡಿ. ಸ್ಟಿಕ್ ಚಾಚಿದರೆ ಪಕ್ ಎಟುಕಬೇಕು. ತಮ್ಮ ವಲಯದ ಗಡಿಯಾದ ಬ್ಲೂ ಲೈನ್ ಹತ್ತಿರವೇ ಅಡ್ಡ ನಿಂತರೆ ಎದುರಾಳಿ ಬೇರೆ ದಾರಿಯಿಲ್ಲದೆ ಪಕ್ಕನ್ನು ಒಳಗೆ ತಳ್ಳಿ ಬಿಡುತ್ತಾನೆ. ಹೆದರಿ ಹಿಂದೆ ಹಿಂದೆ ಸರಿದು ಗೋಲಿಯ ಮಡಿಲಲ್ಲಿ ಹೋಗಿ ಕೂರುವ ಹುಡುಗರೇ ಜಾಸ್ತಿ. ಇದ್ಯಾವುದೂ ಪಾಯಿಂಟ್ ಪಟ್ಟಿಯಲ್ಲಿ ಬರಲ್ಲ.

ಶಿವಮೊಗ್ಗ ಟು ಕ್ಯಾಲ್ಗರಿ:
ಭಟ್ರೇ, ಸರಿ, ಆದರೆ ಪಾಯಿಂಟನ್ನು ಪೂರ್ತಿ ತಳ್ಳಿಹಾಕಬೇಡಿ. ಜೂನಿಯರಲ್ಲಿ ಏನೂ ಮಾಡದವನು ದೊಡ್ಡ ಲೀಗಿಗೆ ಹೋಗಿ ದಿಢೀರ್ ಅಂತ ಗೋಲು ಕಟ್ಟಿಕೊಡೋದು ಕಷ್ಟ. ಅಂಥವರನ್ನು ಸ್ಕೌಟ್‌ಗಳು ಎತ್ತರ ನೋಡಿಯೇ ಮೇಲೆತ್ತುತ್ತಾರೆ, ಪಾಯಿಂಟ್ ಇದ್ದರೂ ಕುಳ್ಳನನ್ನು ಕೆಳಗೆ ತಳ್ಳುತ್ತಾರೆ. ಡಿಫೆನ್ಸ್ ಆಡುವ ಲೇನ್ ಹಟ್ಸನ್ 2022ರ ಡ್ರಾಫ್ಟ್ ಹೊತ್ತಿಗೆ ಐದಡಿ ಎಂಟಂಗುಲ ಇದ್ದ. ಇನ್ನೂ ಬೆಳೆಯುತ್ತೇನೆ ಅಂತ ಡಾಕ್ಟರ್ ಚೀಟಿ ತಂದು ತಂಡಗಳಿಗೆ ತೋರಿಸಿದ್ದ ಪುಣ್ಯಾತ್ಮ! ಆದರೂ 61 ಜನ ಹೋದ ಮೇಲೆಯೇ ಮಾಂಟ್ರಿಯಲ್ ಅವನನ್ನು ತಗೊಂಡಿದ್ದು. 2024-25ರಲ್ಲಿ, ಮೊದಲ ಪೂರ್ತಿ ಸೀಸನ್‌ನಲ್ಲೇ, 66 ಪಾಯಿಂಟ್, ಅದರಲ್ಲಿ 60 ಅಸಿಸ್ಟ್, ಜೊತೆಗೆ ವರ್ಷದ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ. ಆಡಮ್ ಫಾಕ್ಸ್ ಕೂಡ ಅಷ್ಟೇ, 2016ರಲ್ಲಿ 66ನೆಯವನಾಗಿ ಹೋದವನು 2021ರಲ್ಲಿ ನಾರಿಸ್ (ಅತ್ಯುತ್ತಮ ಡಿಫೆನ್ಸ್‌ಮ್ಯಾನ್ ಟ್ರೋಫಿ) ಹೊಡೆದ.

ಬ್ಲೂಲೈನ್ ಭಟ್ಟ:
ಹಟ್ಸನ್ ಗೆದ್ದ ಅಂತ ಕುಳ್ಳಗಿರುವವರೆಲ್ಲ ಹಟ್ಸನ್ ಆಗಲ್ಲ ಮಾರಾಯ್ರೇ. ಬ್ಲೂ ಲೈನ್ ಮೇಲೆ ಸೊಂಟ ಒಂದು ಕಡೆ ತಿರುಗಿಸಿ ಇನ್ನೊಂದು ಕಡೆ ಜಾರುತ್ತಾನಲ್ಲ, ಆ ಸ್ಕೇಟಿಂಗ್ ಎಷ್ಟು ಜನಕ್ಕೆ ಬರುತ್ತೆ?

ಜಯನಗರದ ರಮಾ:
ಇಲ್ಲಿ ಯಾರೂ ಹುಟ್ಟಿದ ದಿನದ ಬಗ್ಗೆ ಮಾತೇ ಆಡಲಿಲ್ಲ. ಡ್ರಾಫ್ಟ್ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು. ಹಾಗಾಗಿ ಒಂದೇ ಡ್ರಾಫ್ಟ್‌ನಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನೂ ಚಿಕ್ಕವನೂ ಪಕ್ಕಪಕ್ಕ ಇರುತ್ತಾರೆ, ಆ ವಯಸ್ಸಿಗೆ ಒಂದು ವರ್ಷ ಅಂದರೆ ಸುಮ್ನೆ ಅಲ್ಲ. ಡಿಫೆನ್ಸ್‌ಮ್ಯಾನ್ ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ಕ್ಕೆ, ಎರಡು ವಾರ ತಡವಾಗಿದ್ದರೆ ಮುಂದಿನ ವರ್ಷದವನು. ಮೇಲಿಂದ ವರ್ಲ್ಡ್ ಜೂನಿಯರ್ಸ್‌ನಲ್ಲಿ (ಇಪ್ಪತ್ತರೊಳಗಿನವರ ವಿಶ್ವ ಪಂದ್ಯಾವಳಿ) ಕೊರಳೆಲುಬು ಮುರಿದುಕೊಂಡು ಆ ಸೀಸನ್‌ನಲ್ಲಿ ಓಎಚ್‌ಎಲ್‌ನಲ್ಲಿ ಆಡಿದ್ದು ಬರೀ 17 ಮ್ಯಾಚು. ಆದರೂ 2025ರಲ್ಲಿ ಎನ್‌ಎಚ್‌ಎಲ್‌ನ ಐಲ್ಯಾಂಡರ್ಸ್ ತಂಡ ಮೊಟ್ಟಮೊದಲು ಅವನನ್ನೇ ತಗೊಂಡಿತು. ನಿಮ್ಮ ಹುಡುಗ ಯಾವ ತಿಂಗಳಿನವನು?

ಹಾಸನದವ:
ಆಗಸ್ಟ್ ಕೊನೆ ಮೇಡಂ! ಬಲಗೈ ಶಾಟ್ ಬೇರೆ. ಅದರಿಂದ ಏನಾದರೂ ಲಾಭ ಇದೆಯಾ?

ಜಯನಗರದ ರಮಾ:
ಇದೆ. ಬಲಗೈ ಶಾಟ್‌ನ ಡಿಫೆನ್ಸ್‌ಮ್ಯಾನ್‌ಗಳು ಕಮ್ಮಿ, ಎಲ್ಲ ತಂಡಕ್ಕೂ ಬೇಕು. ಬಲಗಡೆ ಬೋರ್ಡ್ ಪಕ್ಕ ಬಂದ ಪಕ್ಕನ್ನು ಎಡಗೈಯವನು ಸ್ಟಿಕ್‌ನ ಹಿಂಬದಿಯಿಂದ ತಡೆಯಬೇಕು, ಇವನಿಗೆ ಆ ಪಾಡಿಲ್ಲ.

ಬ್ಲೂಲೈನ್ ಭಟ್ಟ:
ಆಗಸ್ಟ್ ಕೊನೆ, ಬಲಗೈ. ನಿಮ್ಮ ಮಗನ ಸ್ನೇಹಿತರು ಸುಮ್ಮನೆ ಹೇಳಿಲ್ಲ ಬಿಡಿ. ಗ್ಲಾಸ್ ಪಕ್ಕದ ಸೀಟಿಗೆ ದುಡ್ಡು ಸುರಿಯಬೇಡಿ, ಮೇಲಿನ ಸಾಲಲ್ಲಿ ಮೂಲೆ ಕಡೆ ಕೂತರೆ ಇಡೀ ಐಸ್ ಕಾಣುತ್ತೆ. ಎರಡನೇ ಪೀರಿಯಡ್‌ನಲ್ಲಿ ಕಣ್ಣು ಕೀಳಬೇಡಿ. ಆಗ ತಂಡಗಳು ಬದಿ ಬದಲಿಸೋದರಿಂದ ಇವರ ಬೆಂಚು ದೂರವಾಗುತ್ತೆ, ಡಿಫೆನ್ಸ್‌ನವರು ಬೇಗ ಬದಲಾಗೋಕೆ ಆಗಲ್ಲ, ಒಂದು ನಿಮಿಷದ ಮೇಲೆ ಸಿಕ್ಕಿಹಾಕಿಕೊಂಡು ಏದುಸಿರು ಬಿಡುತ್ತಿರುತ್ತಾರೆ. ಅಂಥ ಹೊತ್ತಲ್ಲೂ ಹೆಗಲ ಮೇಲಿಂದ ನೋಡುತ್ತಾನಾ ಅಂತ ನೋಡಿಕೊಂಡು ಬಂದು ಬರೆಯಿರಿ.